ಇಪ್ಪತ್ತು ಮನೆಗಳ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಅರಸಾಳು ಸಮೀಪದ ಓದುಗರೊಬ್ಬರ ಪತ್ರದ ಸಾರಾಂಶ: "ರೈಲು ಹಳಿಯ ಪಕ್ಕದ ನಮ್ಮ ಕೇರಿಯಲ್ಲಿರುವುದು ಇಪ್ಪತ್ತೇ ಮನೆ. ಶಾಸನವಿಲ್ಲ, ಕೋಟೆಯಿಲ್ಲ, ಹೆಸರಾದ ದೇವಸ್ಥಾನವೂ ಇಲ್ಲ. ಕೇರಿಯ ಇತಿಹಾಸ ಬರೆಯುವ ಆಸೆ ನನಗಿದೆ. ದಾಖಲೆಯಿಲ್ಲದೆ ಬರೆದದ್ದು ಇತಿಹಾಸವಾಗುವುದಿಲ್ಲ ಎಂದು ಮೇಷ್ಟರಾಗಿರುವ ನನ್ನ ಅಣ್ಣ ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?"

ನಿಮ್ಮ ಅಣ್ಣನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ'ದ 7 ಮತ್ತು 8ನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿರದಿದ್ದರೆ ಈ ಸೀಮೆಯ ಹಳೆಯ ಅರಸು ಮನೆತನಗಳ ಬಗ್ಗೆ ಇಷ್ಟು ನಿಶ್ಚಯವಾಗಿ ಮಾತನಾಡಲು ಆಗುತ್ತಿರಲಿಲ್ಲ. ಆದರೆ ದಾಖಲೆಯಿಲ್ಲವೆಂದು ನೀವೂ ನಂಬಿಬಿಟ್ಟಿರಲ್ಲ, ಅದು ನನಗೆ ಬೇಸರ ತಂದಿತು. ನಿಮ್ಮ ಟ್ರಂಕಿನಲ್ಲಿರುವ ಪಹಣಿ, ತಾತನ ಸಂಬಳದ ಚೀಟಿ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಕಸುಬಿನ ಎದುರು ಬರೆದಿರುವ ಒಂದು ಪದ, ಇವೆಲ್ಲ ಏನು?

ಬೀರೂರಿನಿಂದ 1899ರಲ್ಲಿ ಶಿವಮೊಗ್ಗಕ್ಕೆ ಬಂದ ರೈಲು, ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು ತಾಳಗುಪ್ಪ ಮುಟ್ಟಲು ಸುಮಾರು ನಾಲ್ಕು ದಶಕ ಹಿಡಿಯಿತು. ಆ ಕಾಡಿನಲ್ಲಿ ಏರಿಗೆ ಮಣ್ಣು ಹೊತ್ತವರು ಯಾರು, ಎಲ್ಲಿಯವರು, ಮಲೇರಿಯಾ ಜ್ವರದಲ್ಲಿ ಎಷ್ಟು ಜನ ಉಳಿದರು, ಕೆಲಸ ಮುಗಿದ ಮೇಲೆ ಊರಿಗೆ ಮರಳದೆ ಹಳಿಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡವರು ಯಾರು ಎಂಬುದನ್ನು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಅದನ್ನು ಹೇಳಬಲ್ಲವರು ನಿಮ್ಮ ಕೇರಿಯ ಅಜ್ಜಿಯರು ಮಾತ್ರ.

ಕಾಗೋಡನ್ನು ನೆನಪಿಸಿಕೊಳ್ಳಿ. ಸಾಗರದ ಬಳಿಯ ಆ ಸಣ್ಣ ಊರಿನ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿದ್ದರಿಂದಲೇ 1951ರ ಸತ್ಯಾಗ್ರಹ ಹುಟ್ಟಿತು. ರಾಮಮನೋಹರ ಲೋಹಿಯಾ ಅವರು ಅದಕ್ಕಾಗಿ ಬಂದು ಬಂಧನಕ್ಕೊಳಗಾದರು. ಮನೆ ಮೂಲೆಯ ಒಂದು ಕೊಳಗ ನಾಡಿನ ಭೂಸುಧಾರಣೆಯ ಚರಿತ್ರೆಯೊಳಗೆ ಸೇರಿಕೊಂಡಿದೆ. ನಿಮ್ಮ ಕೇರಿಯ ಕೊಳಗ ಯಾವುದೆಂದು ನೀವು ಹುಡುಕಿಲ್ಲ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಆನಂದಪುರದ ಕಡೆ ಒಬ್ಬರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕೊಟ್ಟಿಗೆಯ ತೊಲೆಯೊಂದು ಕಣ್ಣಿಗೆ ಬಿತ್ತು. ಡಾಂಬರಿನ ಕಪ್ಪು ಇನ್ನೂ ಹೋಗದ ಆ ಮರದ ಎರಡು ತುದಿಯಲ್ಲೂ ಮೊಳೆ ಬಡಿದ ತೂತುಗಳಿದ್ದವು. ಮೀಟರ್ ಗೇಜ್ ಹಳಿ ಕಿತ್ತಾಗ ಹರಾಜಿನಲ್ಲಿ ಕೊಂಡ ಸ್ಲೀಪರ್, ಅಂದರೆ ಹಳಿಯ ಕೆಳಗೆ ಹಾಸುವ ಅಡ್ಡಮರ, ಅದು. ಮನೆಯ ಯಜಮಾನರ ತಂದೆ ಹಳಿ ತಪಾಸಣೆಯ ಕೀಮನ್ ಆಗಿ, ಸುತ್ತಿಗೆ ಹೆಗಲಿಗೇರಿಸಿ, ದಿನವೂ ಅಂಥ ಮರಗಳನ್ನು ಎಣಿಸುತ್ತ ನಡೆದವರು. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಮುಗಿಯಿತು. ಹಳೆಯ ಹಳಿಯ ಮೇಲೆ ಓಡುತ್ತಿದ್ದ ರೈಲುಬಸ್ಸನ್ನು ಹತ್ತಿ ಸಂತೆಗೆ ಹೋದವರು ಈಗಲೂ ಇದ್ದಾರೆ. ಅವರನ್ನು ಕೇಳುವವರು ಇಲ್ಲ.

ಅರಸಾಳು ನಿಲ್ದಾಣದಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿ ಅಲ್ಲಿ ಚಿತ್ರೀಕರಣವಾದದ್ದು ನಮಗೆ ಹೆಮ್ಮೆಯೇ. ಆದರೆ ಕಲ್ಪನೆಯ ಊರೊಂದಕ್ಕೆ ಸಿಕ್ಕ ಗೋಡೆ, ಚಿತ್ರಪಟ, ದೀಪಗಳು ಅದೇ ನಿಲ್ದಾಣದಲ್ಲಿ ಹಸಿರು ಬಾವುಟ ಹಿಡಿದು ನಿಂತು ಮುದುಕರಾದವರಿಗೆ ಏಕೆ ಸಿಗಬಾರದು? ನಮ್ಮ ಊರುಗಳ ಸ್ಮರಣ ಸಂಚಿಕೆಗಳೂ ಹಾಗೆಯೇ: ಕೆಳದಿಯ ಅರಸರಿಗೆ ನಾಲ್ಕು ಪುಟ, ದಾನಿಗಳ ಭಾವಚಿತ್ರಕ್ಕೆ ನಲವತ್ತು ಪುಟ, ನಡುವೆ ಬದುಕಿದವರಿಗೆ ಒಂದು ಸಾಲೂ ಇಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆಮಠ ಬಿಟ್ಟುಬಂದವರ ಎಷ್ಟೋ ಊರುಗಳ ಹೆಸರು ಹೀಗೆಯೇ ಬಾಯಿಂದ ಬಾಯಿಗೆ ಸವೆಯುತ್ತಿದೆ.

ಅಣ್ಣನವರ ಒಪ್ಪಿಗೆಗಾಗಿ ಕಾಯಬೇಡಿ. ಈ ಮಳೆಗಾಲ ಮುಗಿಯುವುದರೊಳಗೆ ಇಪ್ಪತ್ತು ಮನೆಗೂ ಹೋಗಿ, ಮೊದಲ ಬಾವಿ ತೋಡಿದವರು ಯಾರೆಂದು ಕೇಳಿ, ಒಂದೊಂದು ಮನೆಗೆ ಎರಡೆರಡು ಪುಟ ಬರೆದು ಕಳುಹಿಸಿ. ನಮ್ಮ ಪತ್ರಿಕೆ ಅಚ್ಚು ಹಾಕುತ್ತದೆ.