ಆಪ್ತಸಲಹೆ ಪ್ರಕರಣ: ‘ಲಾ ನನಗ ಆಗಂಗಿಲ್ರಿ’

(ಗುರುತು ಸಿಗದಂತೆ ಊರು, ವಯಸ್ಸು, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಬಂದವರು ಮೂರು ವರ್ಷದ ಎಲ್‌ಎಲ್‌ಬಿಯ ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ. ಬಿ.ಎ.ವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ತರಗತಿ ಶುರುವಾಗಿ ಒಂಬತ್ತು ವಾರ ಕಳೆದಿತ್ತು. ಬೆಳಿಗ್ಗೆ ಎದ್ದರೆ ತಲೆನೋವು, ಮೊದಲ ಎರಡು ಪೀರಿಯಡ್ ತಪ್ಪುತ್ತಿತ್ತು. ‘ಕ್ಲಾಸಿನ್ಯಾಗ ಕುಂತ್ರ ತಿಳದಂಗ ಅನಸ್ತದ್ರಿ ಮೇಡಂ, ರೂಮಿಗೆ ಹೋಗಿ ಪುಸ್ತಕ ತೆಗದ್ರ ಒಂದೂ ಇಲ್ರಿ. ಬಿಟ್ಟು ಊರಿಗೆ ಹೋಗ್ತೀನ್ರಿ.’

ನಿದ್ದೆ, ಊಟ, ಮುಟ್ಟಿನ ಏರುಪೇರು ವಿಚಾರಿಸಿದ ಮೇಲೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಲಾಯಿತು. ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿಯೇ ಬರುತ್ತದೆ. ಇಲ್ಲವೆಂದರು. ಆದರೂ ರಾತ್ರಿ ಹೊತ್ತು ಮನಸ್ಸು ತಡೆಯದಿದ್ದರೆ ಇರಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲು ಹೇಳಿದೆವು. ಕನ್ನಡದಲ್ಲೇ ಮಾತನಾಡಬಹುದು.

ಎರಡನೇ ಭೇಟಿಗೆ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ತರಲು ಹೇಳಿದ್ದೆವು. ನಿಜವಾದ ಸಂಗತಿ ಹೊರಬಿದ್ದದ್ದು ಅಲ್ಲಿ. ಮೊದಲ ಪ್ರಶ್ನೆಗೆ ಏಳು ಪುಟ, ಕೊನೆಯ ಎರಡಕ್ಕೆ ಖಾಲಿ ಹಾಳೆ. ಗೈಡಿನ ಇಂಗ್ಲಿಷ್ ವಾಕ್ಯಗಳು ಉರು ಹೊಡೆದಷ್ಟು ದೂರ ಬಂದಿವೆ. ಮರೆತ ಕಡೆಯಿಂದ ಕನ್ನಡ. ಅಪ್ರಾಪ್ತರ ಕರಾರಿನ ಬಗ್ಗೆ 1903ರ ಮೊಹೊರಿ ಬೀಬಿ ಪ್ರಕರಣದ ಹೆಸರು, ವರ್ಷ ಎರಡೂ ಸರಿ. ಆದರೆ ಆ ಒಪ್ಪಂದ ಮೊದಲಿನಿಂದಲೇ ಶೂನ್ಯ ಎಂಬ ತೀರ್ಪಿನ ಬದಲು, ಅಪ್ರಾಪ್ತ ಬೇಕೆಂದರೆ ರದ್ದುಮಾಡಬಹುದು ಎಂದು ಬರೆದಿದ್ದರು. ಬುದ್ಧಿಯ ಕೊರತೆ ಇದಲ್ಲ. ಅರ್ಥ ಒಂದು ಭಾಷೆಯಲ್ಲಿದೆ, ಬಾಯಿಪಾಠ ಇನ್ನೊಂದರಲ್ಲಿದೆ.

ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯ ಮೇಲಿನ ಸೂಚನೆಯನ್ನು ಓದಿಸಿದೆವು: ಉತ್ತರ ಪೂರ್ತಿ ಕನ್ನಡದಲ್ಲಿರಬೇಕು, ಇಲ್ಲವೇ ಪೂರ್ತಿ ಇಂಗ್ಲಿಷಿನಲ್ಲಿ. ಅವರು ಅದನ್ನು ನೋಡಿಯೇ ಇರಲಿಲ್ಲ. ಕನ್ನಡ ಆಯ್ದುಕೊಳ್ಳಲು ಸಲಹೆ ಕೊಟ್ಟೆವು. ‘ಕನ್ನಡದಾಗ ಬರದ್ರ ವಕೀಲಿ ಹೆಂಗ್ರಿ?’ ಎಂಬ ಅಳುಕು ಸಹಜ. ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವವರು ಕನ್ನಡದವರೇ. ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರಕ್ಕೇ ಒಂದು ಪತ್ರಿಕೆ ಇದೆ. ಎರಡೂ ಭಾಷೆ ಬೇಕು, ಆದರೆ ಒಂದೇ ಉತ್ತರದೊಳಗೆ ಬೇಡ.

ಓದಿಗೆ ಹೇಳಿದ ಕ್ರಮ ಇದು. ದಿನಕ್ಕೆ ಒಂದೇ ಕಲಮು. ನೋಟ್‌ಬುಕ್ಕಿನ ಎಡಪುಟದಲ್ಲಿ ಬೇರ್ ಆಕ್ಟಿನ (ವ್ಯಾಖ್ಯಾನವಿಲ್ಲದ, ಕಾಯ್ದೆಯಷ್ಟೇ ಇರುವ ಪುಸ್ತಕ) ಇಂಗ್ಲಿಷ್ ಪಾಠವನ್ನು ಇದ್ದ ಹಾಗೆ ಇಳಿಸುವುದು. ಬಲಪುಟದಲ್ಲಿ ಸ್ವಂತ ಕನ್ನಡದಲ್ಲಿ ಮೂರು ಸಾಲು, ಕೆಳಗೆ ತಮ್ಮೂರಿನದೇ ಒಂದು ಉದಾಹರಣೆ. ಕರಾರು ಕಾಯ್ದೆಯ 10, 11ನೇ ಕಲಮುಗಳಿಗೆ ಅವರು ಬರೆದದ್ದು ಹದಿನೇಳರ ಹುಡುಗ ಟ್ರ್ಯಾಕ್ಟರ್ ಸಾಲದ ಪತ್ರಕ್ಕೆ ಸಹಿ ಹಾಕಿದ ಕಥೆ; ಶೂನ್ಯ ಯಾವುದು, ಶೂನ್ಯೀಕರಿಸಬಹುದಾದದ್ದು ಯಾವುದು ಎಂಬುದು ಆಮೇಲೆ ತಪ್ಪಲಿಲ್ಲ. ಒಂದು ಎಚ್ಚರ: ಇಂಗ್ಲಿಷಿನ ಅಗ್ರಿಮೆಂಟ್, ಕಾಂಟ್ರ್ಯಾಕ್ಟ್ ಎರಡಕ್ಕೂ ‘ಒಪ್ಪಂದ’, ‘ಕರಾರು’ ಪದಗಳನ್ನು ಗೈಡುಗಳು ಅದಲು ಬದಲಾಗಿ ಬಳಸುತ್ತವೆ. ಪಾಠ ಮಾಡುವವರು ಯಾವುದನ್ನು ಯಾವುದಕ್ಕೆ ಬಳಸುತ್ತಾರೋ ಕೇಳಿ, ಒಂದಕ್ಕೇ ಅಂಟಿಕೊಳ್ಳಬೇಕು.

ಮೊದಲ ವಾರ ಇದೂ ಎಡವಿತು. ಹುರುಪಿನಲ್ಲಿ ಇಡೀ ಗೈಡನ್ನೇ ಕನ್ನಡಕ್ಕೆ ಇಳಿಸಲು ಕುಳಿತರು, ದಿನಕ್ಕೆ ನಾಲ್ಕು ಗಂಟೆ. ನಿದ್ದೆ ಮತ್ತೆ ಕೆಟ್ಟಿತು. ಒಂದು ಕಲಮು, 40 ನಿಮಿಷ, ಪುಸ್ತಕ ಮುಚ್ಚು ಎಂದು ಗಡಿಯಾರ ಕಟ್ಟಬೇಕಾಯಿತು.

ಪತ್ರಿಕೆಯ ಲೆಕ್ಕ: 3 ಗಂಟೆ, 80 ಅಂಕ, ಐದು ಘಟಕ. ಪ್ರತಿ ಘಟಕಕ್ಕೆ 10 ಅಂಕದ ಪ್ರಬಂಧ, 6 ಅಂಕದ ಟಿಪ್ಪಣಿ ಅಥವಾ ಸಮಸ್ಯೆ. ಅಂದರೆ ಘಟಕಕ್ಕೆ 36 ನಿಮಿಷ: ಪ್ರಬಂಧಕ್ಕೆ 22, ಟಿಪ್ಪಣಿಗೆ 12, ಉಳಿದ ಎರಡು ಕೈ ಬಿಡಿಸಿಕೊಳ್ಳಲು. ಏಳು ಪುಟ ಬರೆದರೂ 10ಕ್ಕೆ 11 ಯಾರೂ ಕೊಡುವುದಿಲ್ಲ; ಖಾಲಿ ಬಿಟ್ಟರೆ 16 ಹೋಯಿತು.

ಹಾಜರಿ ಅಷ್ಟೇ ಅವಸರದ್ದು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದ ಪ್ರಕಾರ ಪ್ರತಿ ವಿಷಯಕ್ಕೂ ಶೇ. 70 ಬೇಕು. ಸಕಾರಣವಿದ್ದರೆ ಆ ವಿಷಯದಲ್ಲಿ ಶೇ. 65 ಇದ್ದರೂ ಪ್ರಾಂಶುಪಾಲರು ಪರೀಕ್ಷೆಗೆ ಬಿಡಬಹುದು, ಆದರೆ ಎಲ್ಲ ವಿಷಯ ಸೇರಿ 70 ಇರಲೇಬೇಕು. ಕರಾರು ಕಾಯ್ದೆಯಲ್ಲಿ ಅವರದು 44ಕ್ಕೆ 26. ಒಟ್ಟು 60 ತರಗತಿ ಎಂದುಕೊಂಡರೆ 42 ಬೇಕು. ಉಳಿದ 16ನ್ನೂ ಕೂತರೆ ಸರಿಯಾಗಿ 42. ಹೆಚ್ಚುವರಿ ತರಗತಿ ನಡೆದರೆ ಹಾಜರಿ ಕಡಿಮೆ ಇದ್ದವರಿಗೇ ಲಾಭ: ನಾಲ್ಕು ಹೆಚ್ಚಾದರೆ ಬೇಕಾದದ್ದು 45, ಎಲ್ಲಕ್ಕೂ ಹೋದರೆ ಸಿಗುವುದು 46.

ವಿದ್ಯಾರ್ಥಿನಿಯ ಲಿಖಿತ ಒಪ್ಪಿಗೆ ಪಡೆದು ಮೆಂಟರ್ ಆಗಿದ್ದ ಸಹಾಯಕ ಪ್ರಾಧ್ಯಾಪಕಿಯವರಿಗೆ ಮೂರೇ ವಿಷಯ ತಿಳಿಸಲಾಯಿತು: ಭಾಷೆ, ಹಾಜರಿ, ವಾರಕ್ಕೆ ಹದಿನೈದು ನಿಮಿಷದ ಅಗತ್ಯ. ಪ್ರಾಧ್ಯಾಪಕಿಯವರ ಉತ್ತರವೂ ಪ್ರಾಮಾಣಿಕವಾಗಿತ್ತು: ‘ನನ್ನ ಹತ್ತಿರ 38 ಮಕ್ಕಳಿದ್ದಾರೆ. ಮುಂದಿನ ವರ್ಷ ನನ್ನ ಪ್ರಮೋಷನ್. ಪೇಪರ್ ಬರೆಯಲೋ, ಇದನ್ನು ನೋಡಲೋ?’

ಮೆಂಟರ್ ಕೆಲಸ ಬಡ್ತಿಯ ಲೆಕ್ಕಕ್ಕೆ ಬರುವುದಿಲ್ಲ ಎಂಬ ಈ ಭಯ ಅರ್ಧ ಮಾತ್ರ ನಿಜ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರು ವೇತನದ 10ನೇ ಹಂತದಿಂದ 11ಕ್ಕೆ ಏರಲು ಪಿಎಚ್‌.ಡಿ. ಇದ್ದರೆ ನಾಲ್ಕು ವರ್ಷ, ಎಲ್‌ಎಲ್‌ಎಂ ಇದ್ದರೆ ಐದು ವರ್ಷ ಸೇವೆ ಬೇಕು. 21 ದಿನದ ಓರಿಯೆಂಟೇಶನ್ ಕೋರ್ಸ್ ಇನ್ನೂ ಆಗದಿದ್ದರೆ ಮೊದಲು ಚಿಂತಿಸಬೇಕಾದದ್ದು ಅದಕ್ಕೆ. ವಾರ್ಷಿಕ ಮೌಲ್ಯಮಾಪನದಲ್ಲಿ ‘ಉತ್ತಮ’ ಬರಲು ನಿಗದಿಯಾದ ತರಗತಿಗಳಲ್ಲಿ ಶೇ. 80 ತೆಗೆದುಕೊಂಡಿರಬೇಕು, ಪಟ್ಟಿಯಲ್ಲಿರುವ ಚಟುವಟಿಕೆಗಳಲ್ಲಿ ಕನಿಷ್ಠ ಒಂದರಲ್ಲಾದರೂ ತೊಡಗಿರಬೇಕು. ಪ್ರಕಟಣೆ ಆ ಚಟುವಟಿಕೆಗಳಲ್ಲಿ ಒಂದು. ಪರೀಕ್ಷಾ ಕೆಲಸ ಇನ್ನೊಂದು. ವಿದ್ಯಾರ್ಥಿ ಸಂಬಂಧಿ ಕೆಲಸ ಮತ್ತೊಂದು. ಎಡವಟ್ಟಾಗುವುದು ದಾಖಲೆಯಲ್ಲಿ. ಬಾಯಿಮಾತಿನಲ್ಲಿ ವಹಿಸಿದ ಮೆಂಟರ್ ಕೆಲಸಕ್ಕೆ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಪರಿಶೀಲನೆಯ ಹೊತ್ತಿಗೆ ಕಾಗದವೇ ಇರುವುದಿಲ್ಲ. ಪ್ರಾಂಶುಪಾಲರಿಂದ ಕಚೇರಿ ಆದೇಶ ಬರೆಸಿಕೊಳ್ಳಿ, ರಿಜಿಸ್ಟರಿನಲ್ಲಿ ದಿನಾಂಕ, ಬಂದವರ ಸಂಖ್ಯೆ, ಓದಿನ ವಿಷಯ ಇಷ್ಟೇ ಇರಲಿ ಎಂದೆವು. ಯಾರ ಮನೆ ಜಗಳವೂ ಆ ಪುಸ್ತಕಕ್ಕೆ ಬರಬಾರದು. ಅದು ನಾಲ್ಕು ಜನರ ಕೈ ದಾಟುತ್ತದೆ.

38 ಜನರನ್ನು ಒಬ್ಬೊಬ್ಬರಾಗಿ ಕಾಣುವುದು ಆಗದ ಮಾತು. ಕನ್ನಡದಲ್ಲಿ ಬರೆಯುವ ಹನ್ನೊಂದು ಜನರನ್ನು ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಒಟ್ಟಿಗೆ ಕೂರಿಸಿ, ಒಂದು 6 ಅಂಕದ ಸಮಸ್ಯೆಯನ್ನು ಗಡಿಯಾರ ಇಟ್ಟು ಬರೆಸುವುದೆಂದು ಮೇಡಂ ಒಪ್ಪಿದರು.

ಆರು ವಾರದ ನಂತರ: ತಲೆನೋವು ಕಡಿಮೆ, ಪೂರ್ತಿ ಹೋಗಿಲ್ಲ. ಹೆಚ್ಚುವರಿ ತರಗತಿ ಯಾವುದೂ ನಡೆಯಲಿಲ್ಲ. ಜ್ವರ ಬಂದು ಎರಡು ತರಗತಿ ತಪ್ಪಿ ಕರಾರಿನಲ್ಲಿ 60ಕ್ಕೆ 40 ಆಯಿತು, ಬೇಕಾದ 42ಕ್ಕೆ ಎರಡು ಕಡಿಮೆ, ಶೇ. 65ರ ಗೆರೆಯಾದ 39ಕ್ಕಿಂತ ಒಂದು ಮೇಲೆ. ಎಲ್ಲ ವಿಷಯ ಸೇರಿ ಶೇ. 70 ದಾಟಿದೆ. ಹಾಲ್ ಟಿಕೆಟ್ ಪಟ್ಟಿ ಹೋಗುವ ಮೊದಲೇ ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದಾರೆ. ಪ್ರಾಂಶುಪಾಲರ ತೀರ್ಮಾನ ಇನ್ನೂ ಬರಬೇಕಿದೆ.