ಅತ್ತೆಯನ್ನು ‘ಬಿಟ್ಟು ಬರುವ’ ಸೊಸೆ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

“ಮೇಡಂ, ರಾತ್ರಿ ಪೂರ್ತಿ ನಿದ್ದೆ ಮಾಡಿ 8 ತಿಂಗಳಾಯ್ತು.” ನನ್ನ ಬಳಿ ಸಲಹೆಗೆ ಬಂದ ಸುಧಾ ಕೂತವರೇ ಹೇಳಿದ ಮೊದಲ ಮಾತು ಇದು. ಬೆಂಗಳೂರಿನವರು, ವಯಸ್ಸು 52. ಮಾಗಡಿ ಕಡೆಯ ಅತ್ತೆಗೆ 78. ಆಲ್ಜೈಮರ್ಸ್ ಎಂದು ಗೊತ್ತಾಗಿ ಮೂರು ವರ್ಷ. ಅದಕ್ಕೂ ಮೊದಲು ‘ಅರವತ್ತಕ್ಕೆ ಅರಳು ಮರಳು’ ಅಂತ ಮನೆಯವರು ಸುಮ್ಮನಿದ್ದರು. ಎಷ್ಟೋ ಮನೆಗಳಲ್ಲಿ ಆಗುವುದೇ ಹೀಗೆ. ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ (ಆಲ್ಜೈಮರ್ಸ್ ಇದರದೇ ಒಂದು ಬಗೆ) ಇದೆ ಎಂಬ ಅಂದಾಜಿದೆ. ಇದು ಮಿದುಳಿನ ಕಾಯಿಲೆ, ಬರೀ ವಯಸ್ಸಿನ ಮರೆವಲ್ಲ.

ಸಂಜೆ ಐದಾದರೆ ಅತ್ತೆ ಸೆರಗಿನ ತುದಿಗೆ ಚಿಲ್ಲರೆ ಗಂಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. “ಅಕ್ಕಾ, ಕತ್ತಲಾಗತ್ತೆ, ನಮ್ಮನೆಗೆ ಹೋಗೋಣ.” ಸೊಸೆಯೇ ಈಗ ಅಕ್ಕ. “ಇದೇ ನಿಮ್ಮನೆ ಅತ್ತೆ” ಎಂದರೆ ಜಗಳ, ಅಳು.

ಡಾಕ್ಟರ್ ಹೇಳಿದರೆಂದು, ಹಿರಿಯರನ್ನು ಹಗಲು ಹೊತ್ತು ನೋಡಿಕೊಳ್ಳುವ ಡೇ ಕೇರ್‌ಗೆ ಎರಡು ದಿನ ಕಳಿಸಿ ನೋಡಿದ್ದರು. ದೇವಸ್ಥಾನಕ್ಕೆ ಅಂತ ಕರೆದುಕೊಂಡು ಹೋಗಿ, ಕಣ್ಣು ತಪ್ಪಿಸಿ ಬಂದುಬಿಟ್ಟಿದ್ದರು. ಅತ್ತೆ ದಿನವಿಡೀ ಅತ್ತರಂತೆ. ಊರಿನಿಂದ ನಾದಿನಿ ಫೋನ್ ಮಾಡಿ, “ಅಮ್ಮನ್ನ ಎಲ್ಲೋ ಬಿಟ್ಟು ಬರ್ತೀರಂತೆ?” ಎಂದರು. ಅಲ್ಲಿಗೆ ನಿಂತಿತು.

ಆ ‘ಬಿಟ್ಟು ಬರೋದು’ ಎಂಬ ಮಾತೇ ಸುಧಾ ಅವರನ್ನು ಕೊರೆಯುತ್ತಿತ್ತು. ನಾನು ಹೇಳಿದೆ: ಬೆಳಿಗ್ಗೆ ಹತ್ತಕ್ಕೆ ಹೋದವರು ನಾಲ್ಕಕ್ಕೆ ಮನೆಗೆ ಬರುತ್ತಾರೆ, ನಿಮ್ಮ ಕೈಯಡುಗೆಯನ್ನೇ ಉಣ್ಣುತ್ತಾರೆ. ಇದರಲ್ಲಿ ಬಿಟ್ಟಿದ್ದು ಏನು? ನೀವು ಹಾಸಿಗೆ ಹಿಡಿದರೆ ಅವರನ್ನು ನೋಡುವವರು ಯಾರು?

ಆದರೆ ಸುಳ್ಳು ಹೇಳಿ ಕರೆದೊಯ್ಯಬೇಡಿ. ನಡೆದದ್ದು ಮರೆತುಹೋದರೂ ಅದರ ಹೆದರಿಕೆ ಮನಸ್ಸಿನಲ್ಲಿ ಕೂತಿರುತ್ತದೆ. ಮೊದಲ ದಿನಗಳಲ್ಲಿ ಜೊತೆಗೇ ಕೂತಿರಿ. ಆಮೇಲೆ ಅದನ್ನು ಒಂದು ಗಂಟೆ, ಅರ್ಧ ಗಂಟೆಗೆ ಇಳಿಸಿ. ವಾರಕ್ಕೆ ಮೂರು ದಿನ ಸಾಕು, ಆದರೆ ಅದೇ ಹೊತ್ತು, ಅದೇ ಚೀಲ. ಒಂದೇ ವಾರಕ್ಕೆ ಕೈಬಿಡಬೇಡಿ. ಹೇಳದೆ ಕೇಳದೆ ಊಟದ ಹೊತ್ತಿಗೆ ಒಮ್ಮೆ ಹೋಗಿ ನೋಡಿ: ಬಚ್ಚಲಿನ ನೆಲ ಜಾರುತ್ತಾ, ಗೇಟು ಭದ್ರವಾಗಿದೆಯಾ, ಅಲ್ಲಿನವರು ಹಿರಿಯರನ್ನು ಹೇಗೆ ಮಾತಾಡಿಸುತ್ತಾರೆ. ಮಾತ್ರೆಗಳ ಚೀಟಿ ಕೊಡಿ. ಮೂತ್ರಕ್ಕೆ ಬಂದಾಗ ಅತ್ತೆ ಸೀರೆಯ ನೆರಿಗೆ ಹಿಡಿದು ಎಳೆಯುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಇಂಥದ್ದನ್ನೂ ಬರೆದು ಕೊಡಿ. ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿಯಾದರೆ ಕಾಯಿಲೆ ಬೆಳೆಯಿತು ಅಂದುಕೊಂಡು ಕೂರಬೇಡಿ. ಮೂತ್ರದ ಸೋಂಕಿರಬಹುದು, ಮಲಬದ್ಧತೆ ಇರಬಹುದು. ತಡಮಾಡದೆ ಡಾಕ್ಟರಿಗೆ ತೋರಿಸಿ.

ನಾದಿನಿಯ ಜೊತೆ ವಾದ ಬೇಡ, ಕೆಲಸ ಕೊಡಿ ಎಂದೆ. ಅಮ್ಮನಿಗೆ ಏನೇನು ಇಷ್ಟ ಅಂತ ಅವರೇ ಬರೆದು ಕಳಿಸಲಿ. ಪಟ್ಟಿ ಬಂತು. ಮೊದಲನೆಯದೇ ‘ಹಿತಕಿದ ಅವರೆಬೇಳೆ ಸಾರು’.

ಡಿಸೆಂಬರಿನಲ್ಲಿ ಡೇ ಕೇರ್‌ನವರು ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಅತ್ತೆಯ ಮುಂದಿಟ್ಟರು. ಸುಧಾ ವಿಡಿಯೋ ತೋರಿಸಿದರು. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಸಣ್ಣ ಒತ್ತು, ಬೇಳೆ ಪಟ್ಟನೆ ಹೊರಗೆ, ಸಿಪ್ಪೆ ಆ ಕಡೆ. ಮಗನ ಹೆಸರು ನೆನಪಿಲ್ಲದ ಆ ಕೈ ಒಂದು ಕಾಳನ್ನೂ ಜಜ್ಜಲಿಲ್ಲ. ಪಕ್ಕದಲ್ಲಿದ್ದ ಅಜ್ಜಿಗೆ ಬೇರೆ ಗದರುತ್ತಿದ್ದರು, “ಹಂಗಲ್ಲ ಕಣೇ, ಬೆರಳು ಹಿಂಗಿಡು.” ನಾದಿನಿ ಆ ವಿಡಿಯೋ ನೋಡಿದ ಮೇಲೆ ಫೀಸಿನಲ್ಲಿ ಅರ್ಧ ಕೊಡುತ್ತಿದ್ದಾರೆ.

ಇಂಥ ಕೇಂದ್ರ ಎಲ್ಲ ಊರಿನಲ್ಲೂ ಇಲ್ಲ, ಅದು ನನಗೆ ದೊಡ್ಡ ಚಿಂತೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ವಿಚಾರಿಸಿ. ನೋಡಿಕೊಳ್ಳುವವರಿಗೇ ಮನಸ್ಸು ಕುಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ.

ಸಂಜೆ ಐದಕ್ಕೆ ಅತ್ತೆ ಈಗಲೂ ಬಾಗಿಲಲ್ಲಿ ನಿಲ್ಲುತ್ತಾರೆ. ಸುಧಾ “ಹೂಂ, ಹೋಗೋಣ” ಅಂತ ಚಪ್ಪಲಿ ಮೆಟ್ಟಿ, ಬೀದಿ ಕೊನೆಯ ಹೂವಿನಂಗಡಿವರೆಗೆ ಕೈಹಿಡಿದು ನಡೆಸಿಕೊಂಡು ಹೋಗಿ ವಾಪಸ್ ಕರೆತರುತ್ತಾರೆ.