ಹವಾಮಾನ ಹಾನಿಯ ಖರ್ಚನ್ನು ತೈಲ ಕಂಪನಿಗಳಿಂದ ವಸೂಲಿ ಮಾಡಲು ಆಗುತ್ತದೆಯೇ?

ಆಗುತ್ತದೆ. ಮಾಡಲೇಬೇಕು ಅನ್ನುವುದು ನನ್ನ ನಿಲುವು. ಅಮೆರಿಕದ ವರ್ಮಾಂಟ್ ರಾಜ್ಯ 2024ರ ಮೇ ತಿಂಗಳಲ್ಲಿ ಇದಕ್ಕೆಂದೇ ಕಾನೂನು ತಂದಿತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಕೂಡ ತಂದಿತು. ಅಲ್ಲಿನ ಗುರಿ 25 ವರ್ಷಗಳಲ್ಲಿ 75 ಬಿಲಿಯನ್ ಡಾಲರ್.

ನೂರು ಕೋಟಿ ಟನ್‌ಗಿಂತ ಜಾಸ್ತಿ ಹಸಿರುಮನೆ ಅನಿಲಕ್ಕೆ ಕಾರಣವಾದ ದೊಡ್ಡ ಕಂಪನಿಗಳು ಮಾತ್ರ ಇದರಡಿ ಬರುತ್ತವೆ. ಯಾರ ತೈಲ, ಕಲ್ಲಿದ್ದಲು, ಗ್ಯಾಸಿನಿಂದ ಎಷ್ಟು ಹೊರಬಿತ್ತೋ ಅಷ್ಟು ಪಾಲು ಅವರದು. ವಿಷದ ಕಸ ಸುರಿದವರೇ ಅದನ್ನು ತೆಗೆಯುವ ಖರ್ಚು ಕೊಡಬೇಕು ಎಂಬ 1980ರ ಸೂಪರ್‌ಫಂಡ್ ಕಾನೂನೇ ಇದಕ್ಕೆ ಮಾದರಿ.

‘ಪೆಟ್ರೋಲ್ ಸುಟ್ಟಿದ್ದು ನಾವೇ ಅಲ್ವಾ?’ ಎಂದು ಕೆಲವರು ಕೇಳುತ್ತಾರೆ. ಹೌದು. ಆದರೆ ಭೂಮಿ ಎಷ್ಟು ಬಿಸಿಯಾಗಲಿದೆ ಎಂದು ಅಮೆರಿಕದ ದೈತ್ಯ ತೈಲ ಕಂಪನಿ ಎಕ್ಸಾನ್‌ನ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಹೆಚ್ಚುಕಡಿಮೆ ಸರಿಯಾಗಿ ಲೆಕ್ಕ ಹಾಕಿದ್ದರು. ಕಂಪನಿ ಮಾತ್ರ ಹೊರಗೆ ವರ್ಷಗಟ್ಟಲೆ ಅನುಮಾನ ಬಿತ್ತುತ್ತಾ ಹೋಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ಗೊತ್ತಿದ್ದೂ ಮಾರಿದವರಿಗೂ, ಬೇರೆ ದಾರಿಯಿಲ್ಲದೆ ಕೊಂಡವರಿಗೂ ಒಂದೇ ಹೊಣೆ ಹೇಗಾಗುತ್ತದೆ?

ದಾರಿ ಸುಲಭವಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಈ ಎರಡೂ ರಾಜ್ಯಗಳ ಮೇಲೆ ಕೇಸು ಹಾಕಿತು. ಅದೇ ತಿಂಗಳು ಜರ್ಮನಿಯ ಹಾಮ್ ನಗರದ ಕೋರ್ಟು, ವಿದ್ಯುತ್ ಕಂಪನಿಯೊಂದರ ವಿರುದ್ಧ ಪೆರುವಿನ ರೈತರೊಬ್ಬರು ಹೂಡಿದ್ದ ದಾವೆಯನ್ನು ವಜಾ ಮಾಡಿತು. ಆದರೂ ಇಂಥ ಕಂಪನಿಗಳನ್ನು ಹಾನಿಗೆ ಹೊಣೆ ಮಾಡಲು ಕಾನೂನಿನಲ್ಲಿ ಅವಕಾಶವಿದೆ ಎಂದು ತೀರ್ಪಿನಲ್ಲೇ ಹೇಳಿತು.